ಬೋರ್ಡೊ ದ್ರಾವಣದ ಬಗ್ಗೆ ಬರೆದರೆ ಯಾರು ಓದುತ್ತಾರೆ?

(ಗ್ರಾಮೀಣ ಯುವ ಬರಹಗಾರರ ಕಮ್ಮಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀವು ಯಾವ ವಿಷಯದ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೀರಿ ಎಂದು ಸಂಘಟಕರು ಮೊದಲೇ ಚೀಟಿಯಲ್ಲಿ ಬರೆಸಿಕೊಂಡಿದ್ದರು. ಅವನ್ನೆಲ್ಲ ಓದಿದೆ. ಕಾಳುಮೆಣಸಿನ ಕಸಿ, ಚುಚ್ಚದ ಸಣ್ಣ ಮುಜಂಟಿ ಜೇನು, ಉಪ್ಪಿನಕಾಯಿಯ ಮಾವಿನ ಮಿಡಿ, ಹಳೆ ಭತ್ತದ ತಳಿ, ಗುಡ್ಡ ಕೊರೆದು ತೆಗೆಯುವ ಸುರಂಗದ ನೀರು. ತುಂಬಾ ಖುಷಿಯಾಯಿತು. ಆದರೆ ಕೆಲವು ಚೀಟಿಗಳ ಕೆಳಗೆ ಒಂದು ಅನುಮಾನವೂ ಇತ್ತು. ಇಷ್ಟು ಸಣ್ಣ ವಿಷಯ ಹಿಡಿದುಕೊಂಡರೆ ಯಾರು ಓದುತ್ತಾರೆ? ಫೋನ್ ತೆರೆದರೆ ಸಿನಿಮಾ, ರಾಜಕೀಯ, ಕ್ರಿಕೆಟ್. ಅದರ ನಡುವೆ ಜೇನುಪೆಟ್ಟಿಗೆಯ ಬಗ್ಗೆ, ಅಡಿಕೆಯ ರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಬಗ್ಗೆ ಬರೆದರೆ ಕೇಳುವವರು ಯಾರು?

ನಾನು ಇವತ್ತು ಮಾತಾಡುವುದು ಈ ಅನುಮಾನದ ಬಗ್ಗೆಯೇ. ಸಣ್ಣ ವಿಷಯಕ್ಕೆ ಓದುಗರು ಕಮ್ಮಿ, ನಿಜ. ಆದರೆ ಆ ಕಮ್ಮಿ ಓದುಗರಲ್ಲಿ ಹೆಚ್ಚಿನವರಿಗೆ ನಿಮಗೆ ತಿರುಗಿ ಹೇಳಲು ಏನಾದರೂ ಇರುತ್ತದೆ. ಸಿನಿಮಾ ವಿಮರ್ಶೆ ಓದಿದವರು ಒಪ್ಪಿಕೊಂಡೋ ಬೈದುಕೊಂಡೋ ಮುಂದೆ ಹೋಗುತ್ತಾರೆ. ಮುಜಂಟಿ ಜೇನಿನ ಬಗ್ಗೆ ಓದಿದವರು "ನಮ್ಮ ಪೆಟ್ಟಿಗೆಗೆ ಇರುವೆ ಹತ್ತಿತು, ನೀವು ಏನು ಮಾಡಿದಿರಿ?" ಎಂದು ಕೇಳುತ್ತಾರೆ. ಹಾಗೆ ಕೇಳುವ ನಾಲ್ಕು ಜನ ಒಬ್ಬರಿಗೊಬ್ಬರು ಸಿಕ್ಕಿದರೆ ಅಲ್ಲೊಂದು ಬಳಗ ಶುರುವಾಗುತ್ತದೆ. ಅವರು ಒಬ್ಬರಿಗೊಬ್ಬರು ಸಿಗುವ ಹಾಗೆ ಮಾಡುವುದು ಬರೆಯುವವರ ಕೆಲಸ. ಸಿಕ್ಕಮೇಲೆ ಅವರು ಆಡಿದ ಮಾತು ಕಳೆದುಹೋಗದ ಹಾಗೆ ನೋಡಿಕೊಳ್ಳುವುದೂ ಬರೆಯುವವರದೇ ಕೆಲಸ. ಈ ಎರಡನೆಯದನ್ನು ಮಾಡುವವರು ತೀರಾ ಕಮ್ಮಿ. ಅದಕ್ಕೇ ಇಲ್ಲಿಗೆ ಬಂದೆ.

ನನಗೆ ಗೊತ್ತಿರುವುದು ಅಡಿಕೆ ತೋಟ. ಅಲ್ಲಿಂದಲೇ ಹೇಳುತ್ತೇನೆ.

1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಶುರುವಾಯಿತು. ತಿಂಗಳಿಗೊಂದು ಸಂಚಿಕೆ. ಹಿಂದೆ ನಿಂತವರು ಅಡಿಕೆ ಬೆಳೆಗಾರರು. ಸಂಪಾದಕರು ಶ್ರೀ ಪಡ್ರೆ, ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದವರು, ಸ್ವತಃ ಕೃಷಿಕರು. ಒಂದೇ ಬೆಳೆಯ ಹೆಸರು ಹೊತ್ತ ಪತ್ರಿಕೆ! ಇದಕ್ಕಿಂತ ಸಣ್ಣ ವಿಷಯ ಇನ್ನೇನು ಬೇಕು?

ಆಗ ಕೃಷಿಯ ಬಗ್ಗೆ ಬರುತ್ತಿದ್ದ ಬರಹ ಹೆಚ್ಚಾಗಿ ಇಲಾಖೆಯದು, ಇಲ್ಲವೇ ವಿಜ್ಞಾನಿಗಳದು. ಎಕರೆಗೆ ಇಷ್ಟು ಗೊಬ್ಬರ ಹಾಕಿ, ಇಷ್ಟು ಔಷಧಿ ಹೊಡೆಯಿರಿ. ಮಾಹಿತಿ ಸರಿಯೇ ಇರುತ್ತಿತ್ತು. ಆದರೆ ಓದಿದ ಕೃಷಿಕ ಅದಕ್ಕೆ ಉತ್ತರ ಕೊಡುವಂತಿರಲಿಲ್ಲ. ಆ ಬರಹ ಅವನಿಂದ ಏನನ್ನೂ ಕೇಳುತ್ತಲೂ ಇರಲಿಲ್ಲ. ಅಡಿಕೆ ಪತ್ರಿಕೆಯವರು 'ಕೃಷಿಕರ ಕೈಗೆ ಲೇಖನಿ' ಎಂಬ ಹೆಸರಿನಲ್ಲಿ ಶಿಬಿರಗಳನ್ನು ಮಾಡಿ ಬೆಳೆಗಾರರಿಗೇ ಬರೆಯಲು ಕಲಿಸಿದರು. ಶಾಲೆ ಬಿಟ್ಟ ಮೇಲೆ ಲೆಕ್ಕದ ಪುಸ್ತಕ ಬಿಟ್ಟರೆ ಬೇರೇನೂ ಬರೆಯದವರು ತಮ್ಮ ತೋಟದ ಕಥೆ ಬರೆಯತೊಡಗಿದರು.

ಆ ಪತ್ರಿಕೆಯ ಒಂದು ಅಭ್ಯಾಸವನ್ನು ನೀವು ಗಮನಿಸಬೇಕು. ಲೇಖನದ ಕೊನೆಯಲ್ಲಿ ಆ ಕೃಷಿಕರ ವಿಳಾಸ, ಫೋನ್ ನಂಬರು ಇರುತ್ತದೆ. ಹಲವು ಸಲ ಯಾವ ಹೊತ್ತಿಗೆ ಫೋನ್ ಮಾಡಬಹುದು ಎಂದೂ ಇರುತ್ತದೆ. ನೋಡಲು ಎರಡೇ ಸಾಲು. ಆದರೆ ಅದರಿಂದ ಆಗುವ ಕೆಲಸ ದೊಡ್ಡದು. ಓದಿದವರು ಸಂಪಾದಕರಿಗೆ ಫೋನ್ ಮಾಡುವುದಿಲ್ಲ, ಲೇಖಕರಿಗೂ ಮಾಡುವುದಿಲ್ಲ. ತೋಟದವರಿಗೇ ನೇರ ಮಾಡುತ್ತಾರೆ. ಆಮೇಲೆ ಬಸ್ಸು ಹತ್ತಿ ಬರುತ್ತಾರೆ, ತೋಟ ನೋಡುತ್ತಾರೆ, ಒಂದು ಗಿಡ ಕೊಂಡುಹೋಗುತ್ತಾರೆ. ಬರೆದವರು ನಡುವಿನಿಂದ ಸರಿದು ನಿಂತಿರುತ್ತಾರೆ. ಇಂಟರ್ನೆಟ್ ನಮ್ಮೂರಿಗೆ ಬರುವುದಕ್ಕೆ ಎಷ್ಟೋ ಮೊದಲೇ ಬಳಗ ಕಟ್ಟುವ ಕೆಲಸ ಈ ಎರಡು ಸಾಲುಗಳಿಂದ ನಡೆದಿತ್ತು.

ಹಲಸನ್ನೇ ನೋಡಿ. ಬಿದ್ದು ಕೊಳೆಯುವ ಹಣ್ಣು, ಅದರ ಬಗ್ಗೆ ಬರೆಯುವುದಕ್ಕೆ ಏನಿದೆ ಅನ್ನುವ ಕಾಲದಲ್ಲಿ ಈ ಪತ್ರಿಕೆ ಮತ್ತೆ ಮತ್ತೆ ಹಲಸಿನ ಬಗ್ಗೆ ಬರೆಯಿತು. ಯಾರೋ ಒಬ್ಬರು ಹಲಸಿನ ಬೀಜದ ಹುಡಿ ಮಾಡಿದರು, ಇನ್ನೊಬ್ಬರು ಎಳೆ ಹಲಸನ್ನು ಒಣಗಿಸಿಟ್ಟರು, ಮತ್ತೊಬ್ಬರು ಒಳ್ಳೆ ತಳಿ ಹುಡುಕಿ ಕಸಿ ಕಟ್ಟಿದರು. ಎಲ್ಲರೂ ತಮ್ಮ ತಮ್ಮ ಊರಲ್ಲಿ ಒಂಟಿಯಾಗಿದ್ದವರು. ಬರಹದಿಂದ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಯಿತು. ಹಲಸಿನ ಮೇಳಗಳು ಶುರುವಾದವು. 2018ರಲ್ಲಿ ಕೇರಳ ಹಲಸನ್ನು ತನ್ನ ರಾಜ್ಯದ ಹಣ್ಣು ಎಂದು ಘೋಷಿಸಿತು. ಇದರ ಹಿಂದೆ ಬಹಳ ಜನರ ದುಡಿಮೆ ಇದೆ. ಅದರಲ್ಲಿ ಒಂದು ಪಾಲು ಹೀಗೆ ಒಂದೇ ಹಣ್ಣಿನ ಬಗ್ಗೆ ವರ್ಷಗಟ್ಟಲೆ ಬರೆದವರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆಮೇಲೆ ಫೋನ್ ಬಂತು. ವಾಟ್ಸಾಪ್ ಬಂತು. 2016ರಿಂದ ಒಂದು ಗುಂಪಿಗೆ 256 ಜನ ಸೇರಬಹುದಾಯಿತು. ಅಡಿಕೆ, ತೆಂಗು, ಕಾಳುಮೆಣಸು, ಹಸು, ಹಣ್ಣಿನ ಗಿಡ, ಒಂದೊಂದಕ್ಕೂ ಒಂದೊಂದು ಗುಂಪು ಎದ್ದವು. ಒಂದು ಭರ್ತಿಯಾದರೆ ಎರಡು, ಎರಡು ಭರ್ತಿಯಾದರೆ ಮೂರು. 2022ರಲ್ಲಿ ಆ ಮಿತಿ ಮೊದಲು 512ಕ್ಕೆ, ಆಮೇಲೆ 1024ಕ್ಕೆ ಏರಿತು. ನಡುವೆ ಇನ್ನೊಂದು ಬದಲಾವಣೆಯೂ ಆಯಿತು, ಅದರ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯ ಕೊಟ್ಟಿತು. ಸಣ್ಣ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಲು ಆಗದ ಹಿರಿಯರು ಫೋನಿಗೆ ಮಾತಾಡಿದರು, ಅದು ಅಕ್ಷರವಾಯಿತು. ಅರುವತ್ತು, ಎಪ್ಪತ್ತು ವರ್ಷ ದಾಟಿದ ಬೆಳೆಗಾರರು ಗುಂಪುಗಳಲ್ಲಿ ಉದ್ದುದ್ದ ಬರೆಯುತ್ತಿರುವುದು ಹೀಗೆ. ಅವರ ತಲೆಯಲ್ಲಿರುವ ವಿಷಯ ಬೇರೆಲ್ಲೂ ಸಿಗುವುದಿಲ್ಲ.

ಹಾಗಾದರೆ ಇನ್ನೇನು, ಎಲ್ಲರೂ ಗುಂಪಿನಲ್ಲಿದ್ದಾರೆ, ಎಲ್ಲರೂ ಬರೆಯುತ್ತಾರೆ, ಬರಹಗಾರರು ಯಾಕೆ ಬೇಕು ಅನ್ನಿಸಬಹುದು. ಜೂನ್ ತಿಂಗಳ ಒಂದು ಸಂಜೆ ಇಂಥ ಗುಂಪಿನಲ್ಲಿ ಏನು ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಎಳೆ ಕಾಯಿ ಕೊಳೆತು ಉದುರುತ್ತದೆ. ಅದಕ್ಕೆ ಬೋರ್ಡೊ ದ್ರಾವಣ ಹೊಡೆಯುತ್ತೇವೆ. ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು, ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಫ್ರಾನ್ಸಿನ ಬೋರ್ಡೊ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಕಂಡುಕೊಂಡ ಮದ್ದು ಅದು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಅಡಿಕೆಗೆ ಅದನ್ನು ಹೊಡೆಸಿದರು. ಅದಕ್ಕೂ ಮೊದಲು ಗೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದೇ ದಾರಿಯಾಗಿತ್ತು. ಅಂದರೆ ಈ ದ್ರಾವಣ ನಮ್ಮಲ್ಲಿಗೆ ಬಂದು ನೂರು ವರ್ಷ ದಾಟಿದೆ. ಅಳತೆ ಎಲ್ಲರಿಗೂ ಬಾಯಿಪಾಠ. ಇದರಲ್ಲಿ ಬರೆಯಲು ಇನ್ನೇನು ಉಳಿದಿದೆ, ಅಲ್ವಾ?

ಸಂಜೆ ಏಳು ಗಂಟೆ. ಒಬ್ಬ ಹುಡುಗ ಗುಂಪಿಗೆ ಒಂದು ಫೋಟೋ ಹಾಕುತ್ತಾನೆ. "ಮೊನ್ನೆ ಸ್ಪ್ರೇ ಮಾಡಿಸಿದ್ದು. ಇವತ್ತು ನೋಡಿದರೆ ಎಳೆ ಕಾಯಿ ಸುಟ್ಟ ಹಾಗಿದೆ. ಯಾಕೆ ಗೊತ್ತುಂಟಾ ಯಾರಿಗಾದರೂ?"

"ಸುಣ್ಣ ಯಾವುದು ಹಾಕಿದ್ದು? ಚಿಪ್ಪಿನದ್ದಾ ಕಲ್ಲಿನದ್ದಾ?"

"ಚಿಪ್ಪಿನದ್ದೇ ಅಣ್ಣ. ಕಳೆದ ವರ್ಷದ್ದು ಒಂದು ಚೀಲ ಇತ್ತು."

"ಅಲ್ಲೇ ಹೋಯ್ತು. ಗಾಳಿ ತಾಗಿದ ಸುಣ್ಣಕ್ಕೆ ಬಲ ಇಲ್ಲ. ಒಂದು ಕೆಜಿ ಹಾಕಿದರೂ ಅರ್ಧ ಕೆಜಿಯ ಕೆಲಸ ಮಾಡುವುದಿಲ್ಲ. ತುತ್ತು ಜಾಸ್ತಿಯಾಗಿ ಸುಟ್ಟದ್ದು."

ಇನ್ನೊಬ್ಬರು ಬರುತ್ತಾರೆ. "ಕತ್ತಿ ಅದ್ದಿ ನೋಡಿದ್ದೆಯಾ? ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕೆಂಪಗೆ ತಾಮ್ರ ಹಿಡಿಯುತ್ತದೆ. ಹಿಡಿದರೆ ಸುಣ್ಣ ಇನ್ನೂ ಬೇಕು ಅಂತ ಲೆಕ್ಕ."

"ಈಗ ಕತ್ತಿ ಎಲ್ಲ ಸ್ಟೀಲು ಮಾವ, ಕೆಂಪು ಹಿಡಿಯುವುದಿಲ್ಲ. ಲಿಟ್ಮಸ್ ಪೇಪರ್ ತೆಗೆದುಕೊಳ್ಳಲಿ."

"ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದದ್ದಾ, ಸುಣ್ಣವನ್ನು ತುತ್ತಿಗೆ ಹೊಯ್ದದ್ದಾ? ಕೆಲಸದವರು ಯಾವಾಗಲೂ ಉಲ್ಟಾ ಮಾಡುತ್ತಾರೆ. ನಿಂತು ನೋಡಬೇಕು."

ಎಷ್ಟು ಒಳ್ಳೆಯ ಮಾತುಕತೆ ನೋಡಿ! ಹಳೆ ಸುಣ್ಣದ ವಿಷಯ, ಸ್ಟೀಲ್ ಕತ್ತಿಯಿಂದ ಪರೀಕ್ಷೆ ತಪ್ಪುವ ವಿಷಯ, ಹೊಯ್ಯುವ ಕ್ರಮ. "1 ಕೆಜಿ + 1 ಕೆಜಿ + 100 ಲೀಟರ್" ಎಂದು ಅಚ್ಚಾದ ಕರಪತ್ರದಲ್ಲಿ ಇದೆಲ್ಲ ಇರುವುದಿಲ್ಲ. ಅನುಭವ ಇದ್ದ ನಾಲ್ಕು ಜನ ಒಬ್ಬ ಹುಡುಗನಿಗಾಗಿ ಬಿಡುವು ಮಾಡಿಕೊಂಡು ಹೇಳಿದ್ದು.

ಆದರೆ ಮರುದಿನ ಬೆಳಗ್ಗೆ ಐದೂವರೆಗೆ ಶುಭೋದಯದ ಹೂವಿನ ಚಿತ್ರಗಳು ಬರುತ್ತವೆ. ಆಮೇಲೆ ಯಾರದೋ ಹುಟ್ಟುಹಬ್ಬ. ಆಮೇಲೆ ಮಾರುಕಟ್ಟೆ ದರ. ಮಧ್ಯಾಹ್ನದ ಹೊತ್ತಿಗೆ ಆ ಮಾತುಕತೆ ಎಲ್ಲೋ ಮೇಲೆ ಹೋಗಿರುತ್ತದೆ. ಮುಂದಿನ ಜೂನ್‌ನಲ್ಲಿ ಇನ್ನೊಬ್ಬ ಹುಡುಗ ಅದೇ ಫೋಟೋ, ಅದೇ ಪ್ರಶ್ನೆ ಹಾಕುತ್ತಾನೆ. ಹಿಂದಿನ ವರ್ಷ ಹೇಳಿದ ಹಿರಿಯರಿಗೆ ಈ ಸಲ ಹೇಳಲು ಉತ್ಸಾಹ ಇರುವುದಿಲ್ಲ. ಮೂರನೆಯ ವರ್ಷ ಅವರು ಗುಂಪು ಬಿಟ್ಟಿರುತ್ತಾರೆ. ಗುಂಪಿನಲ್ಲಿ ಆಮೇಲೆ ಉಳಿಯುವುದು ಹೂವಿನ ಚಿತ್ರ ಹಾಕುವವರು, ಔಷಧಿ ಮಾರುವವರು.

ಬರಹಗಾರ ಬೇಕಾಗುವುದು ಇಲ್ಲಿ. ಆ ಗುಂಪಿನಲ್ಲಿರುವ ಒಬ್ಬ, ಒಬ್ಬಳು, ಮರುದಿನ ಕೂತು ಆ ಮಾತುಕತೆಯನ್ನು ಒಂದು ಪುಟ ಬರೆಯಬೇಕು. ಯಾವ ಊರಿನ ತೋಟ, ಸ್ಪ್ರೇ ಮಾಡಿದ ತಾರೀಕು, ಸುಣ್ಣ ಯಾವುದು, ಎಷ್ಟು ಹಳೆಯದು, ಸ್ಪ್ರೇ ಆದ ಎಷ್ಟು ಹೊತ್ತಿಗೆ ಮಳೆ ಬಂತು, ಕಾಯಿ ಹೇಗೆ ಕಾಣುತ್ತಿತ್ತು. ಯಾರು ಏನು ಹೇಳಿದರು. ಹೇಳಿದವರನ್ನು ಕೇಳಿ, ಒಪ್ಪಿದರೆ ಹೆಸರು ಹಾಕಬೇಕು. ಸಾಧ್ಯವಾದರೆ ವಿಟ್ಲದಲ್ಲಿರುವ ಅಡಿಕೆ ಸಂಶೋಧನಾ ಕೇಂದ್ರಕ್ಕೆ ಫೋನ್ ಮಾಡಿ ವಿಜ್ಞಾನಿಗಳು ಏನು ಹೇಳುತ್ತಾರೆ ಎಂದು ಕೇಳಿ ಅದನ್ನೂ ಸೇರಿಸಬೇಕು. ಅದನ್ನು ಗುಂಪಿಗೇ ತಂದು ಹಾಕಬೇಕು.

ಆಗ ಏನಾಗುತ್ತದೆ ಎಂದರೆ, ಆ ಸಂಜೆ ಸುಮ್ಮನಿದ್ದವರು ಮಾತಾಡತೊಡಗುತ್ತಾರೆ. "ನಮ್ಮ ಕಡೆ ನೀರು ಗಡಸು, ನಮಗೆ ಈ ಲೆಕ್ಕ ಆಗುವುದಿಲ್ಲ" ಎಂದು ಒಬ್ಬರು. "ದ್ರಾವಣ ಮಾಡಿ ಮಾರನೆಯ ದಿನಕ್ಕೆ ಇಟ್ಟದ್ದರಿಂದ ನಮ್ಮಲ್ಲಿ ಏನೂ ಪ್ರಯೋಜನ ಆಗಲಿಲ್ಲ" ಎಂದು ಇನ್ನೊಬ್ಬರು. ಗಡಿಬಿಡಿಯಲ್ಲಿ ಓದಿ ಬಿಡುವ ಸಂದೇಶಕ್ಕೆ ಹೀಗೆ ಉತ್ತರ ಬರುವುದಿಲ್ಲ. ನಿಧಾನವಾಗಿ, ವಿವರವಾಗಿ ಬರೆದದ್ದಕ್ಕೆ ಬರುತ್ತದೆ. ಉತ್ತರಗಳನ್ನೂ ಸೇರಿಸಿದರೆ ಮುಂದಿನ ಜೂನ್‌ಗೆ ಆ ಪುಟ ಎರಡು ಪುಟವಾಗಿರುತ್ತದೆ. ಹೊಸ ಹುಡುಗ ಪ್ರಶ್ನೆ ಹಾಕಿದಾಗ ಯಾರೋ ಒಬ್ಬರು ಆ ಪುಟ ಕಳಿಸುತ್ತಾರೆ. ಹಿರಿಯರಿಗೆ ತಮ್ಮ ಮಾತು ಉಳಿದಿದೆ ಎಂದು ಗೊತ್ತಾಗುತ್ತದೆ. ಅವರು ಗುಂಪು ಬಿಡುವುದಿಲ್ಲ. ನನ್ನ ಮಟ್ಟಿಗೆ ಬಳಗ ಅಂದರೆ ಇದು. ಜನ ಎಷ್ಟಿದ್ದಾರೆ ಎಂದು ನಾನು ನೋಡುವುದಿಲ್ಲ. ಕಳೆದ ವರ್ಷ ಕಲಿತದ್ದರ ಮೇಲೆ ಈ ವರ್ಷ ಮಾತು ಮುಂದುವರಿಯುತ್ತಿದೆಯಾ ಎಂದು ನೋಡುತ್ತೇನೆ.

ಇದಕ್ಕೆ ಕಥೆಗಾರರ ಪ್ರತಿಭೆ ಬೇಡ. ಬೇಕಾದದ್ದು ತಾಳ್ಮೆ, ಮತ್ತೆ ಆ ವಿಷಯದ ಮೇಲೆ ನಿಜವಾದ ಪ್ರೀತಿ. ಸುಣ್ಣದ ಬಗ್ಗೆ ಕೇಳುವಾಗ ನಿಮಗೆ ಬೇಜಾರು ಬರಬಾರದು. ಬೇಜಾರು ಬಂದರೆ ಅದು ನಿಮ್ಮ ವಿಷಯ ಅಲ್ಲ, ಬೇರೆ ವಿಷಯ ಹುಡುಕಿಕೊಳ್ಳಿ.

ಈಗ ಬಾಳೆಕಾಯಿ ಹುಡಿಯ ವಿಷಯ. 2021, ಕೊರೋನಾದ ಎರಡನೆಯ ವರ್ಷ. ಬಾಳೆಕಾಯಿಗೆ ಬೆಲೆ ಬಿದ್ದುಹೋಗಿತ್ತು. ಗೊನೆ ಕಡಿದು ಪೇಟೆಗೆ ಸಾಗಿಸಿದರೆ ಬಾಡಿಗೆಯೂ ಹುಟ್ಟದ ಸ್ಥಿತಿ. ಕೃಷಿಕರ, ಗೃಹಿಣಿಯರ ಒಂದು ವಾಟ್ಸಾಪ್ ಗುಂಪಿನಲ್ಲಿ ಶ್ರೀ ಪಡ್ರೆ ಮತ್ತು ಗೆಳೆಯರು ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡುವ ವಿಷಯ ಎತ್ತಿದರು. ಕೇರಳದಲ್ಲಿ ಅದನ್ನು ಮಾಡುವ ಕ್ರಮ ಮೊದಲೇ ಇತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಹೊಸದು. ಬಾಳೆಕಾಯಿ ಹುಡಿ ಅನ್ನುವುದನ್ನು 'ಬಾಕಾಹು' ಎಂದು ಚುಟುಕು ಮಾಡಿದರು.

ಅಲ್ಲಿ ಏನು ನಡೆಯಿತು ಎಂಬುದರಲ್ಲಿ ನಿಮಗೆ ಕಲಿಯಲು ಬಹಳ ಇದೆ. ಸಿಪ್ಪೆ ತೆಗೆಯಬೇಕಾ? ಹೆಚ್ಚಿದ ತುಂಡು ಕಪ್ಪಾಗದಿರಲು ಏನು ಮಾಡುವುದು? ಮಜ್ಜಿಗೆ ನೀರಾ, ಗಂಜಿ ತಿಳಿಯಾ? ಮಳೆಗಾಲದಲ್ಲಿ ಒಣಗಿಸುವುದು ಹೇಗೆ? ಮಿಕ್ಸಿ ಸಾಕಾ, ಗಿರಣಿಗೆ ಕೊಡಬೇಕಾ? ಅಕ್ಕಂದಿರು ಮನೆಯಲ್ಲಿ ಮಾಡಿ ನೋಡಿ ಫೋಟೋ ಹಾಕಿದರು. ದೋಸೆ, ರೊಟ್ಟಿ, ಚಕ್ಕುಲಿ, ಗುಲಾಬ್ ಜಾಮೂನು. ಒಂದು ಮನೆಯ ದೋಸೆ ಇನ್ನೊಂದು ಮನೆಯಲ್ಲಿ ಬದಲಾಯಿತು. ಕೆಟ್ಟದ್ದನ್ನೂ ಹೇಳಿಕೊಂಡರು. ಇದನ್ನೆಲ್ಲ ಬರೆಯುವವರು ಆ ಗುಂಪಿನಲ್ಲೇ ಇದ್ದರು. ಅವರು ಬರೆದರು, ಬೇರೆ ಪತ್ರಿಕೆಗಳು ಎತ್ತಿಕೊಂಡವು. 2021ರ ಜುಲೈ 25ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ದಕ್ಷಿಣ ಕನ್ನಡ, ಉತ್ತರ ಕನ್ನಡದ ಮಹಿಳೆಯರು ಬಾಳೆಕಾಯಿ ಹುಡಿಯಿಂದ ತಿಂಡಿ ಮಾಡುವುದನ್ನು ಹೇಳಿದರು.

ಪ್ರಧಾನಿ ಹೇಳಿದ್ದು ಒಳ್ಳೆಯದೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಕೃಷಿಯ ಗುಂಪುಗಳಲ್ಲಿ ಹೆಂಗಸರು ಇದ್ದರೂ ಮಾತಾಡುವುದು ಕಮ್ಮಿ. ಬೆಲೆ, ಔಷಧಿ, ಯಂತ್ರ ಎಂದು ಗಂಡಸರ ಮಾತೇ ಜಾಸ್ತಿ. ಬಾಳೆಕಾಯಿ ಹುಡಿಯ ವಿಷಯ ಬಂದಾಗ ಗೊತ್ತಿರುವವರು ಅವರೇ ಆಗಿದ್ದರು. ವಿಷಯ ಸಣ್ಣದಾಗಿ, ನಿರ್ದಿಷ್ಟವಾಗಿ ಇದ್ದುದರಿಂದಲೇ ಅವರು ಮುಂದೆ ಬಂದು ಬರೆದರು. "ಕೃಷಿಯಲ್ಲಿ ಮಹಿಳೆ" ಎಂದು ಒಂದು ಲೇಖನ ಬರೆದಿದ್ದರೆ ಹತ್ತು ಜನ ಮೆಚ್ಚುತ್ತಿದ್ದರು, ಅಷ್ಟೇ. "ತುಂಡು ಕಪ್ಪಾಗದಿರಲು ನೀವು ಏನು ಮಾಡಿದಿರಿ ಅಕ್ಕ?" ಎಂದು ಕೇಳಿದ್ದಕ್ಕೆ ಉತ್ತರ ಬಂತು.

ಇದನ್ನು ಹೇಳುವಾಗ 2019ರ ಇನ್ನೊಂದು ಸಂಗತಿ ನೆನಪಾಗುತ್ತದೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕು ಮಾಡಿದರು. ವಿಡಿಯೋ ದೇಶ ಇಡೀ ಓಡಿತು. ಅವರ ಜಾಣ್ಮೆ ಮೆಚ್ಚುವಂಥದ್ದೇ. ಆದರೆ ವಿಡಿಯೋ ನೋಡಿದ ಲಕ್ಷಾಂತರ ಜನರಿಗೆ ಅಡಿಕೆ ಮರದ ಜೊತೆ ಸಂಬಂಧ ಇರಲಿಲ್ಲ. ನೋಡಿದರು, ಬೆರಗಾದರು, ಮುಂದೆ ಹೋದರು. ಅದೇ ಕಾಲಕ್ಕೆ ಕಾರ್ಬನ್ ಫೈಬರ್ ದೋಟಿಯೂ (ಉದ್ದನೆಯ ಹಗುರ ಕೋಲು) ಬರುತ್ತಿತ್ತು. ನೆಲದಲ್ಲಿ ನಿಂತೇ ಗೊನೆ ತೆಗೆಯಬಹುದು, ಔಷಧಿ ಹೊಡೆಯಬಹುದು. ಅದರ ಬಗ್ಗೆ ಬೆಳೆಗಾರರು ಬರೆದದ್ದಕ್ಕೆ ಅಂಥ ಓಟ ಇರಲಿಲ್ಲ. ಆದರೆ ಎಷ್ಟು ಅಡಿಯದ್ದು ತೆಗೆದುಕೊಳ್ಳಬೇಕು, ಕುತ್ತಿಗೆ ನೋವಿಗೆ ಏನು ಮಾಡುವುದು, ವಿದ್ಯುತ್ ತಂತಿ ಹತ್ತಿರ ಇದ್ದರೆ ಎಷ್ಟು ಅಪಾಯ, ಮುರಿದರೆ ಸರಿ ಮಾಡುವವರು ಎಲ್ಲಿದ್ದಾರೆ ಎಂದು ಜನ ವರ್ಷಗಟ್ಟಲೆ ಮಾತಾಡಿದರು. ಈಗ ಎಷ್ಟೋ ತೋಟಗಳಲ್ಲಿ ದೋಟಿ ಇದೆ, ದೋಟಿ ಹಿಡಿಯಲು ಕಲಿತ ಹುಡುಗರ ತಂಡಗಳಿವೆ. ನಿಮ್ಮ ಬರಹವನ್ನು ಎಷ್ಟು ಜನ ನೋಡಿದರು ಎಂದು ದಿನಾ ಲೆಕ್ಕ ಹಾಕಬೇಡಿ. ಓದಿ ಯಾರಾದರೂ ಏನಾದರೂ ಕೇಳಿದರಾ, ಮಾಡಿ ನೋಡಿದರಾ ಎಂದು ನೋಡಿ.

ಇದು ಹಳ್ಳಿಯ ಮಾತು ಮಾತ್ರ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ತಾರಸಿ ತೋಟದವರದ್ದೊಂದು ದೊಡ್ಡ ಬಳಗ ಇದೆ. ಕೃಷಿ ವಿಜ್ಞಾನಿಯಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ಎಷ್ಟೋ ವರ್ಷ ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ಕಲಿಸಿದರು, ಬರೆದರು. 2011ರ ಸುಮಾರಿಗೆ ಅದು ಫೇಸ್‌ಬುಕ್ ಗುಂಪಾಯಿತು. 'ಊಟ ಫ್ರಮ್ ಯುವರ್ ತೋಟ' ಎಂಬ ಮೇಳವೂ ಶುರುವಾಯಿತು, ಅಲ್ಲಿ ಬೀಜ, ಗಿಡ ಕೈ ಬದಲಾಗುತ್ತವೆ. ಮೂಲ ಮತ್ತೆ ಅದೇ. ಒಂದೇ ವಿಷಯವನ್ನು ಹಿಡಿದು ಬಿಡದೆ ಹೇಳಿದವರು ಒಬ್ಬರಿದ್ದರು.

ಇನ್ನು ಅಪಾಯದ ಮಾತು. ಇದನ್ನು ಹೇಳದೆ ಹೋದರೆ ನಿಮಗೆ ಅನ್ಯಾಯ ಮಾಡಿದ ಹಾಗೆ.

2022ರಲ್ಲಿ ಮಲೆನಾಡಿನಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ಜೋರಾಗಿ ಹರಡಿತು. ಕಳಸ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರದ ಕಡೆ ತೋಟಕ್ಕೆ ತೋಟವೇ ಸುಟ್ಟ ಹಾಗೆ ಕಾಣುತ್ತಿತ್ತು. ಜನ ಕಂಗಾಲಾದರು. ಗುಂಪುಗಳಲ್ಲಿ ದಿನಕ್ಕೊಂದು ಮದ್ದು ಬಂತು. ಇದರ ಜೊತೆ ಅದನ್ನು ಬೆರೆಸಿ, ಅದರ ಜೊತೆ ಇದನ್ನು ಬೆರೆಸಿ. ಯಾರು ಮಾಡಿ ನೋಡಿದ್ದು, ಯಾರು ಮಾರುವವರು ಹೇಳಿದ್ದು ಎಂದು ಬೇರೆ ಮಾಡಲು ಆಗದ ಸ್ಥಿತಿ. ಸುಳ್ಯದ ಸಂಪಾಜೆ ಕಡೆಯ ಹಳದಿ ಎಲೆ ರೋಗದ ಕಥೆ ಇನ್ನೂ ಹಳೆಯದು. ಅದಕ್ಕೆ ಇವತ್ತಿಗೂ ಗುಣ ಮಾಡುವ ಮದ್ದು ಇಲ್ಲ. ರೋಗ ತಡೆದುಕೊಳ್ಳುವ ಮರಗಳನ್ನು ಗುರುತಿಸಿ ಅವುಗಳಿಂದ ಗಿಡ ಮಾಡುವ ಪ್ರಯತ್ನವನ್ನು ವಿಜ್ಞಾನಿಗಳು ಮಾಡುತ್ತಿದ್ದಾರೆ. ಆದರೂ "ಹಳದಿ ರೋಗಕ್ಕೆ ರಾಮಬಾಣ" ಎಂದು ಬಾಟಲಿ ಮಾರುವವರು ಬರುತ್ತಲೇ ಇದ್ದಾರೆ. ಮೂರು ತಲೆಮಾರಿನ ತೋಟ ಕಣ್ಣೆದುರು ಹಳದಿಯಾಗುವಾಗ ಯಾರೇ ಆದರೂ ಬಾಟಲಿ ಕೊಳ್ಳುತ್ತಾರೆ. ಅವರನ್ನು ಬೈಯಬೇಡಿ.

ಇಂಥ ಹೊತ್ತಿಗೆ ಒಂದು ವಿಷಯವನ್ನು ವರ್ಷಗಟ್ಟಲೆ ಹಿಡಿದು ಬರೆದವರ ಮಾತಿಗೆ ತೂಕ ಇರುತ್ತದೆ. ಬಳಗ ಅವರ ಕಡೆ ನೋಡುತ್ತದೆ. ಆಗ ಅವರು "ಇದಕ್ಕೆ ಮದ್ದು ಇನ್ನೂ ಸಿಕ್ಕಿಲ್ಲ" ಎಂದು ಸ್ಪಷ್ಟವಾಗಿ ಬರೆಯಬೇಕು. ಯಾವುದೇ ಮದ್ದಿನ ಬಗ್ಗೆ ಬರೆಯುವಾಗ ಎಷ್ಟು ಮರಕ್ಕೆ ಹೊಡೆದರು, ಹೊಡೆಯದೆ ಬಿಟ್ಟ ಮರ ಪಕ್ಕದಲ್ಲಿತ್ತಾ, ಒಂದು ವರ್ಷದ ಮೇಲೆ ಹೇಗಿದೆ ಎಂದು ಕೇಳಿಯೇ ಬರೆಯಬೇಕು. ಕಂಪನಿಯವರು ಊಟ ಹಾಕಿಸಿ ತೋರಿಸಿದ ತೋಟವಾದರೆ ಹಾಗೆಂದು ಹೇಳಬೇಕು. ಜನ ನಿಮ್ಮ ಮೇಲೆ ಸಿಟ್ಟಾಗುತ್ತಾರೆ. ಆಗಲಿ. ಒಂದು ಸಲ ನಿಮ್ಮ ಮಾತು ನಂಬಿ ಒಬ್ಬರು ದುಡ್ಡು ಕಳೆದುಕೊಂಡರೆ ಆ ಬಳಗ ಮತ್ತೆ ಕೂಡುವುದು ಬಹಳ ಕಷ್ಟ.

ಇನ್ನೊಂದು ಮಾತು, ಕೆಟ್ಟುಹೋದದ್ದನ್ನು ಬರೆಯುವ ಬಗ್ಗೆ. ನಮ್ಮಲ್ಲಿ ಯಶೋಗಾಥೆಗಳು ಜಾಸ್ತಿ. ಎಕರೆಗೆ ಹತ್ತು ಲಕ್ಷ ಅನ್ನುವ ತಲೆಬರಹ. ಅದನ್ನು ಓದಿದವರಿಗೆ ಮೆಚ್ಚುವುದು ಬಿಟ್ಟರೆ ಮಾಡಲು ಏನೂ ಇರುವುದಿಲ್ಲ. ಡ್ರ್ಯಾಗನ್ ಹಣ್ಣು ಹಾಕಿ ಮಳೆಗೆ ಕೊಳೆತುಹೋದ ತೋಟದ ಬಗ್ಗೆ, ಆ ಕೃಷಿಕರು ಒಪ್ಪಿದರೆ, ಗೌರವದಿಂದ ಬರೆದು ನೋಡಿ. ಅವರಿಗೆ ಸಹಾಯ ಮಾಡಲು ಎಷ್ಟು ಜನ ಬರುತ್ತಾರೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. "ನಾವೂ ಕಳೆದುಕೊಂಡೆವು" ಎಂದು ಹೇಳಲು ಧೈರ್ಯ ಬಂದವರು ಒಂದಾದರೆ, ಮುಂ­ದಿನ ಸಲ ಒಂದು ಹೊಸ ಬೆಳೆಯ ಹುಚ್ಚು ಊರಿಗೆ ಬಂದಾಗ ಹತ್ತು ಮನೆಗಳಾದರೂ ಉಳಿಯುತ್ತವೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಒಬ್ಬರು ಕೇಳಿದರು: ಬರೆಯುವವರೇ ಗುಂಪಿನ ಅಡ್ಮಿನ್ ಆಗಬೇಕಾ?

ಬೇಡ ಅನ್ನುತ್ತೇನೆ. ಅಡ್ಮಿನ್‌ಗೆ ಹೂವಿನ ಚಿತ್ರ ಹಾಕಿದವರಿಗೆ ಹೇಳುವುದು, ಜಗಳ ಬಿಡಿಸುವುದು, ಜಾಹೀರಾತು ತೆಗೆಯುವುದು, ಇದೇ ಕೆಲಸ. ಅದಕ್ಕೆ ಬೇರೆ ಗುಣ ಬೇಕು. ಬರೆಯುವವರು ಅಡ್ಮಿನ್ ಜೊತೆ ಒಳ್ಳೆ ಸಂಬಂಧ ಇಟ್ಟುಕೊಂಡರೆ ಸಾಕು. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಬರೆದದ್ದು ಗುಂಪಿನಲ್ಲಿ ಮಾತ್ರ ಇರಬಾರದು. ಒಬ್ಬರ ಫೋನ್ ಹಾಳಾದರೆ ಹೋಗುತ್ತದೆ. ತಾರೀಕು ಹಾಕಿ ಬೇರೆ ಕಡೆ ಇಡಿ, ಇನ್ನಿಬ್ಬರ ಹತ್ತಿರವೂ ಪ್ರತಿ ಇರಲಿ. ವರ್ಷಕ್ಕೊಮ್ಮೆ ಮುದ್ರಿಸಿ ಊರಿನ ಗ್ರಂಥಾಲಯಕ್ಕೂ ಸಹಕಾರಿ ಸಂಘಕ್ಕೂ ಒಂದೊಂದು ಕೊಡಿ. ಫೋನ್ ಬಳಸದವರೂ ನಮ್ಮ ಬಳಗದವರೇ.

ಇನ್ನೊಬ್ಬರು: ಇದರಿಂದ ಹೊಟ್ಟೆ ತುಂಬುತ್ತದಾ?

ಇದರಿಂದ ಮಾತ್ರ ತುಂಬುವುದಿಲ್ಲ. ತೋಟ, ಕೆಲಸ, ಏನಾದರೂ ಒಂದು ಇರಬೇಕು. ಪತ್ರಿಕೆಗಳು ಸ್ವಲ್ಪ ಕೊಡುತ್ತವೆ. ಕಸಿ ಗಿಡದ ಬಗ್ಗೆ ಬರೆದವರಿಗೆ ಗಿಡ ಮಾರುವ ಅವಕಾಶ ಬರುತ್ತದೆ. ಮಾರಿ, ತಪ್ಪಿಲ್ಲ. ಆದರೆ ಮಾರುತ್ತಿದ್ದೇನೆ ಎಂದು ಬರಹದಲ್ಲೇ ಹೇಳಿ. ಹಾಗೆಯೇ ಬೇರೆ ಯಾರ ಹತ್ತಿರ ಆ ಗಿಡ ಸಿಗುತ್ತದೆ ಎಂಬುದನ್ನೂ ಬರೆಯಿರಿ.

ಕೊನೆಯದಾಗಿ ಸಿದ್ದಾಪುರದ ಕಡೆಯ ಒಬ್ಬ ಹುಡುಗಿ ಕೇಳಿದಳು: ನನಗೆ ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಬಗ್ಗೆ ಬರೆಯಬೇಕು. ನಮ್ಮ ಹೊಳೆ ಬದಿಯಲ್ಲಿ ಮರಗಳಿವೆ. ಎಲ್ಲಿಂದ ಶುರು ಮಾಡಲಿ?

ಒಂದೇ ಮರದಿಂದ ಶುರು ಮಾಡು ತಂಗಿ. ಅಪ್ಪೆಮಿಡಿಯ ಇತಿಹಾಸ, ಮಹತ್ವ ಎಂದು ಹೋಗಬೇಡ. ಆ ಮರ ಯಾವ ತಿಂಗಳು ಹೂ ಬಿಟ್ಟಿತು, ಮೋಡ ಬಂದಾಗ ಹೂ ಎಷ್ಟು ಉದುರಿತು, ಮಿಡಿ ಯಾವ ವಾರ ಕೊಯ್ಲಿಗೆ ಬಂತು. ತೊಟ್ಟು ಮುರಿದರೆ ಸೊನೆ ಹೇಗಿದೆ, ಜೀರಿಗೆ ಪರಿಮಳವಾ, ಕರ್ಪೂರವಾ. ಉಪ್ಪಿನಲ್ಲಿ ಹಾಕಿದ್ದು ಎಷ್ಟು ವರ್ಷ ಗಟ್ಟಿಯಾಗಿ ಉಳಿಯಿತು. ಇದನ್ನು ನಿನ್ನ ಅಜ್ಜಿ, ದೊಡ್ಡಮ್ಮ ಹೇಳುತ್ತಾರೆ, ಅವರ ಹೆಸರು ಹಾಕು. ಕೊನೆಯಲ್ಲಿ ಒಂದು ಪ್ರಶ್ನೆ ಕೇಳು. "ಮೂರು ವರ್ಷ ಆದರೂ ಮೆತ್ತಗಾಗದ ಮಿಡಿ ನಿಮ್ಮ ಹತ್ತಿರ ಇದೆಯಾ? ಎಷ್ಟು ಉಪ್ಪು ಹಾಕಿದ್ದು?" ಇಷ್ಟಕ್ಕೆ ಉತ್ತರ ಬಂದೇ ಬರುತ್ತದೆ.

ಹೊಳೆ ಬದಿಯ ಮರ ಎಲ್ಲಿದೆ ಎಂದು ಮಾತ್ರ ಬರೆಯಬೇಡ. ಒಳ್ಳೆ ಮಿಡಿಯ ಮರ ಎಂದು ಗೊತ್ತಾದರೆ ಕೊಂಬೆಗೆ ಕೊಂಬೆಯನ್ನೇ ಕಡಿದು ಕೊಯ್ಯುವವರಿದ್ದಾರೆ. ಅದೇ ಮರದಿಂದ ಕಸಿ ಮಾಡಿದ ಗಿಡ ಯಾರದಾದರೂ ಹಿತ್ತಲಲ್ಲಿ ಇದ್ದರೆ, ಕಸಿಕಡ್ಡಿ ಕೊಡಲು ಅವರು ಒಪ್ಪಿದರೆ, ಅವರ ಫೋನ್ ನಂಬರು ಹಾಕು. ಯಾವ ತಿಂಗಳು ಬಂದರೆ ಕಡ್ಡಿ ಸಿಗುತ್ತದೆ, ಸಂಜೆ ಎಷ್ಟು ಗಂಟೆಯ ಮೇಲೆ ಫೋನ್ ಮಾಡಬಹುದು ಎಂಬುದನ್ನೂ ಕೇಳಿ ಬರೆ.